ಕೊಟ್ಟ ಮಾತಿನ ಪಿಂಚಣಿಗೆ ಖೋತಾ: ಅಮೆರಿಕದ ಯೂನಿಯನ್ ಕಾರ್ಮಿಕರ ಪಿಂಚಣಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬೀದಿಯಲ್ಲಿ ನಿವೃತ್ತ ಟ್ರಕ್ ಚಾಲಕರೊಬ್ಬರಿದ್ದಾರೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ದಪ್ಪ ಲಕೋಟೆ ಹಿಡಿದು ಮನೆಗೆ ಬಂದರು. "ಇದನ್ನು ಓದಿ ಹೇಳ್ತೀರಾ?" ಎಂದರು. ಅವರಿಗೆ ಓದಲು ಬಾರದೆ ಅಲ್ಲ. ತಾವು ಓದಿದ್ದು ನಿಜವೇ ಎಂದು ಇನ್ನೊಬ್ಬರ ಬಾಯಲ್ಲಿ ಕೇಳಬೇಕಿತ್ತು. ಹತ್ತಾರು ಪುಟಗಳ ನಡುವೆ ಎರಡೇ ಎರಡು ಸಾಲು: ಈಗಿನ ಮಾಸಿಕ ಪಿಂಚಣಿ ಎಷ್ಟು, ಪ್ರಸ್ತಾವಿತ ಮಾಸಿಕ ಪಿಂಚಣಿ ಎಷ್ಟು. ಎರಡನೆಯ ಅಂಕಿ ಮೊದಲನೆಯದರ ಅರ್ಧಕ್ಕಿಂತ ತುಸು ಮೇಲಿತ್ತು. ನಾನು ಜೋರಾಗಿ ಓದಿದೆ. ಅವರು ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಲಕೋಟೆಗೆ ಹಾಕಿದರು.

ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಅವರ ಜತೆಗಾರರು, ಅವರ ಹೆಂಡತಿ, ಇಲ್ಲಿ ಆಸ್ಪತ್ರೆ, ಬಸ್ ಡಿಪೊ, ಗೋದಾಮುಗಳಲ್ಲಿ ಯೂನಿಯನ್ ಕೆಲಸದಲ್ಲಿರುವ ಕನ್ನಡಿಗ ಸ್ನೇಹಿತರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ವಿಷಯ ಗೊತ್ತಿದ್ದವರು ಮೊದಲ ಭಾಗ ದಾಟಿ ಮುಂದಕ್ಕೆ ಹೋಗಬಹುದು.

## ಮೊದಲು ತಿಳಿಯಬೇಕಾದದ್ದು

ಪಿಂಚಣಿ ಅಂದರೆ ಕಂಪನಿ ಖುಷಿಯಿಂದ ಕೊಡೋದು ತಾನೆ? ಕೈಯಲ್ಲಿ ಇಲ್ಲದಾಗ ಎಲ್ಲಿಂದ ಕೊಡ್ತಾರೆ?

ಅಲ್ಲ. ಈ ಒಂದು ತಪ್ಪು ತಿಳಿವಳಿಕೆ ಹೋಗದಿದ್ದರೆ ಮುಂದಿನ ಯಾವ ಉತ್ತರವೂ ತಲೆಗೆ ಹತ್ತುವುದಿಲ್ಲ. ಒಪ್ಪಂದದ ಮಾತುಕತೆಯಲ್ಲಿ ಯೂನಿಯನ್ ಗಂಟೆಗೆ 1 ಡಾಲರ್ ಏರಿಕೆ ಗೆದ್ದಿತು ಅನ್ನೋಣ. ಅದರಲ್ಲಿ 60 ಸೆಂಟ್ ಸಂಬಳಕ್ಕೆ, 40 ಸೆಂಟ್ ಪಿಂಚಣಿ ನಿಧಿಗೆ ಎಂದು ತೀರ್ಮಾನವಾಗುತ್ತದೆ. ಆ 40 ಸೆಂಟ್ ಕೂಡ ಅದೇ ಗಂಟೆಯ ದುಡಿಮೆಯ ಹಣವೇ. ಇವತ್ತೇ ಕೊಡಿ ಎಂದು ಹಟ ಹಿಡಿಯದೆ ವಯಸ್ಸಾದ ಮೇಲೆ ತಗೋತೀವಿ ಎಂದು ಕಾರ್ಮಿಕರು ಬಿಟ್ಟುಕೊಟ್ಟ ಸಂಬಳ ಅದು. ಹಾಗಾಗಿ ಪಿಂಚಣಿಗೆ ಕತ್ತರಿ ಹಾಕುವುದೆಂದರೆ ಮೂವತ್ತು ವರ್ಷದ ಹಿಂದೆ ಮುಗಿದ ಕೆಲಸದ ಕೂಲಿಯನ್ನು ಈಗ ಹಿಡಿದಿಟ್ಟುಕೊಂಡಂತೆ.

ಯೂನಿಯನ್ ಪಿಂಚಣಿ ಅಂದರೆ ಯೂನಿಯನ್ನೇ ಕೊಡುತ್ತಾ?

ಯೂನಿಯನ್ ಕೊಡುವುದಿಲ್ಲ, ಪ್ರತ್ಯೇಕ ಟ್ರಸ್ಟ್ ಕೊಡುತ್ತದೆ. 1947ರ ಟಾಫ್ಟ್-ಹಾರ್ಟ್ಲಿ ಕಾನೂನಿನ ಪ್ರಕಾರ ಇಂಥ ಟ್ರಸ್ಟಿನ ಮಂಡಳಿಯಲ್ಲಿ ಯೂನಿಯನ್ ಕಡೆಯವರೂ ಮಾಲೀಕರ ಕಡೆಯವರೂ ಸಮಸಮ ಇರಬೇಕು. ಟ್ರಕ್, ಗಣಿ, ಕಟ್ಟಡ ನಿರ್ಮಾಣ, ದಿನಸಿ ಮಳಿಗೆಗಳಂಥ ಕಡೆ ಒಬ್ಬ ಕೆಲಸಗಾರ ಹತ್ತು ಮಾಲೀಕರ ಕೈಕೆಳಗೆ ದುಡಿದಿರುತ್ತಾನೆ. ಎಲ್ಲಿ ದುಡಿದರೂ ಸೇವೆ ಒಂದೇ ಕಡೆ ಲೆಕ್ಕಕ್ಕೆ ಸೇರಲಿ ಎಂದು ಹಲವು ಮಾಲೀಕರು ಒಂದೇ ನಿಧಿಗೆ ಕಟ್ಟುತ್ತಾರೆ. ಇದು ಹಲವು ಮಾಲೀಕರ ನಿಧಿ. ಕಾರು ಕಾರ್ಖಾನೆ ಅಥವಾ ವಿಮಾನ ಸಂಸ್ಥೆಯಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಕಂಪನಿಯ ನಿಧಿ. ನಿಮ್ಮದು ಯಾವುದು ಎಂದು ಮೊದಲು ಗೊತ್ತು ಮಾಡಿಕೊಳ್ಳಿ, ಏಕೆಂದರೆ ಎರಡಕ್ಕೂ ಕಾನೂನು ಬೇರೆ, ವಿಮೆ ಬೇರೆ. ನಾನು ಇಲ್ಲಿ ಹೆಚ್ಚಾಗಿ ಹೇಳುವುದು ಹಲವು ಮಾಲೀಕರ ನಿಧಿಗಳ ಬಗ್ಗೆ. ಇತ್ತೀಚಿನ ದೊಡ್ಡ ಖೋತಾಗಳ ಕಾಗದ ಹೋದದ್ದು ಅಲ್ಲಿಂದಲೇ.

ನನಗಿರೋದು 401(ಕೆ) ಮಾತ್ರ. ಇದೆಲ್ಲ ನನಗೂ ತಟ್ಟುತ್ತಾ?

ಇಲ್ಲ. 401(ಕೆ) ಎಂದರೆ ನಿಮ್ಮ ಹೆಸರಿನದೇ ನಿವೃತ್ತಿ ಉಳಿತಾಯ ಖಾತೆ. ಅದರಲ್ಲಿ ಇಂತಿಷ್ಟು ತಿಂಗಳ ಪಿಂಚಣಿ ಎಂಬ ಮಾತನ್ನು ಯಾರೂ ಕೊಟ್ಟಿರುವುದಿಲ್ಲ. ಖಾತೆಯಲ್ಲಿ ಇರುವಷ್ಟೇ ನಿಮ್ಮದು. ಮಾರುಕಟ್ಟೆ ಬಿದ್ದರೆ ನಷ್ಟ ಪೂರ್ತಿ ನಿಮ್ಮ ತಲೆಗೇ.

ಪಿಂಚಣಿ ಕಡಿಮೆ ಆದರೆ ಸೋಷಿಯಲ್ ಸೆಕ್ಯೂರಿಟಿಯೂ ಕಡಿಮೆ ಆಗುತ್ತಾ?

ಆಗುವುದಿಲ್ಲ. ಅದು ಕೇಂದ್ರ ಸರ್ಕಾರವೇ ನಡೆಸುವ ವೃದ್ಧಾಪ್ಯ ಭತ್ಯೆಯ ಬೇರೆಯೇ ವ್ಯವಸ್ಥೆ. ಸೋಷಿಯಲ್ ಸೆಕ್ಯೂರಿಟಿಗೆ ಕಟ್ಟದ ಸರ್ಕಾರಿ ಕೆಲಸದಿಂದ ಪಿಂಚಣಿ ಬರುವವರಿಗೆ ಆ ಭತ್ಯೆಯನ್ನು ಇಳಿಸುವ ಎರಡು ನಿಯಮಗಳಿದ್ದವು. ಜನವರಿ 2025ರಲ್ಲಿ ಸಹಿಯಾದ ಕಾನೂನು ಅವೆರಡನ್ನೂ ತೆಗೆದುಹಾಕಿತು.

## ಹಣ ಎಲ್ಲಿಗೆ ಹೋಯಿತು

ಬರೆದುಕೊಟ್ಟ ಮಾತನ್ನು ಮುರಿಯೋಕೆ ಕಾನೂನು ಬಿಟ್ಟಿದ್ದಾದರೂ ಹೇಗೆ?

ಬಹಳ ಕಾಲ ಬಿಟ್ಟಿರಲಿಲ್ಲ. 1963ರ ಡಿಸೆಂಬರ್‌ನಲ್ಲಿ ಸ್ಟುಡ್‌ಬೇಕರ್ ಕಂಪನಿ ಇಂಡಿಯಾನಾದ ಸೌತ್ ಬೆಂಡ್‌ನ ಕಾರು ಕಾರ್ಖಾನೆಯನ್ನು ಮುಚ್ಚಿತು. ನಿವೃತ್ತರಿಗೂ 60 ದಾಟಿದವರಿಗೂ ಪೂರ್ತಿ ಪಿಂಚಣಿ ಸಿಕ್ಕಿತು. ನಲವತ್ತರಿಂದ ಐವತ್ತೊಂಬತ್ತರ ನಡುವಿನ, ಸೇವಾವಧಿ ಪೂರೈಸಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಕೈಗೆ ಬಂದದ್ದು ಅವರಿಗೆ ಸಲ್ಲಬೇಕಿದ್ದರಲ್ಲಿ ಸುಮಾರು 15 ಪ್ರತಿಶತ. ಇನ್ನೂ ಚಿಕ್ಕವರಿಗೆ ಏನೂ ಇಲ್ಲ. ಆ ಸಿಟ್ಟು ಹನ್ನೊಂದು ವರ್ಷ ಕುದಿದು, ಖಾಸಗಿ ಕಂಪನಿಗಳ ಪಿಂಚಣಿ ಕಾಯುವ ಎರಿಸಾ ಕಾನೂನಾಯಿತು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅದಕ್ಕೆ 1974ರ ಸೆಪ್ಟೆಂಬರ್ 2ರಂದು ಸಹಿ ಹಾಕಿದರು. ದುಡಿದು ಗಳಿಸಿಯಾದ ಪಿಂಚಣಿಯನ್ನು ಹಿಂದಿನಿಂದ ಕಡಿಮೆ ಮಾಡುವಂತಿಲ್ಲ ಎಂಬುದು ಅದರ ಜೀವಾಳ.

ಆ ಬೇಲಿಯಲ್ಲಿ ದೊಡ್ಡ ಕಂಡಿ ತೆರೆದದ್ದು 2014ರ ಡಿಸೆಂಬರ್‌ನಲ್ಲಿ. ಸರ್ಕಾರದ ಭಾರೀ ಖರ್ಚಿನ ಮಸೂದೆಯೊಂದಕ್ಕೆ ಅಂಟಿಸಿ ತಂದ ಈ ಕಾನೂನಿನ ಚಿಕ್ಕ ಹೆಸರು ಎಂಪಿಆರ್‌ಎ. ಮುಳುಗುವ ಹಂತದ ಹಲವು ಮಾಲೀಕರ ನಿಧಿಗಳು ಈಗಾಗಲೇ ನಿವೃತ್ತರಾದವರ ಪಿಂಚಣಿಯನ್ನೂ ಕತ್ತರಿಸಬಹುದು ಎಂದು ಅದು ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅನುಮತಿ ಕೊಟ್ಟಿತು. ನಿಧಿ ಪೂರ್ತಿ ಮುಳುಗಿದರೆ ಇನ್ನೂ ಕಡಿಮೆ ಸಿಗುತ್ತದೆ, ಅದಕ್ಕಿಂತ ಇದು ವಾಸಿ ಎಂಬುದು ಸಮರ್ಥನೆ. ಲೆಕ್ಕ ಸುಳ್ಳಲ್ಲ. ಆದರೆ ಎಪ್ಪತ್ತು ದಾಟಿದವರು ಮತ್ತೆ ಸ್ಟಿಯರಿಂಗ್ ಹಿಡಿದು ಆ ಕೊರತೆ ತುಂಬಿಸಿಕೊಳ್ಳಲಾರರು ಎಂಬುದು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಅಷ್ಟು ದೊಡ್ಡ ನಿಧಿ ಬರಿದಾಗಿದ್ದು ಹೇಗೆ? ಯೂನಿಯನ್ ಲೀಡರುಗಳೇ ತಿಂದು ಹಾಕಿದರಂತಲ್ಲ?

ಈ ಮಾತು ನನ್ನ ಕಿವಿಗೆ ಬಿದ್ದಷ್ಟು ಸಲ ಬೇರೆ ಯಾವುದೂ ಬಿದ್ದಿಲ್ಲ. ಅರ್ಧ ನಿಜ ಇರುವುದರಿಂದಲೇ ಅದಕ್ಕೆ ಇಷ್ಟು ಆಯುಷ್ಯ. ಟ್ರಕ್ ಚಾಲಕರ ಟೀಮ್‌ಸ್ಟರ್ಸ್ ಯೂನಿಯನ್ನಿನ ಸೆಂಟ್ರಲ್ ಸ್ಟೇಟ್ಸ್ ಪಿಂಚಣಿ ನಿಧಿಯನ್ನೇ ನೋಡೋಣ. ಆ ಯೂನಿಯನ್ನಿನ ಮುಖಂಡ ಜಿಮ್ಮಿ ಹೋಫಾ ಕಾಲದಲ್ಲಿ, 1955ರಲ್ಲಿ ಶುರುವಾದದ್ದು. 1960, 70ರ ದಶಕಗಳಲ್ಲಿ ಅದರ ಹಣ ಲಾಸ್ ವೇಗಸ್‌ನ ಜೂಜುಕಟ್ಟೆಗಳಿಗೆ ಸಾಲವಾಗಿ ಹರಿಯಿತು, ಅದರ ಹಿಂದೆ ಮಾಫಿಯಾ ಕೈ ಇತ್ತು. ಇದು ಇತಿಹಾಸ, ಮುಚ್ಚಿಡುವಂಥದ್ದಲ್ಲ. ಆದರೆ ಸರ್ಕಾರ ಹಾಕಿದ್ದ ಮೊಕದ್ದಮೆ 1982ರಲ್ಲಿ ನ್ಯಾಯಾಲಯದ ಒಪ್ಪಂದದಲ್ಲಿ ಮುಗಿದ ಮೇಲೆ ಹೂಡಿಕೆಯ ಅಧಿಕಾರ ಹೊರಗಿನ ಹಣಕಾಸು ಸಂಸ್ಥೆಗಳ ಕೈಗೆ ಹೋಯಿತು, ನ್ಯಾಯಾಲಯದ ಉಸ್ತುವಾರಿಯೂ ಬಂತು. ನಿಧಿ ಬತ್ತಿದ್ದು ಅದಾದ ಮೇಲಿನ ದಶಕಗಳಲ್ಲಿ.

ನಿಜವಾದ ಕಾರಣ ತಿಳಿಯಬೇಕಾದರೆ ಕಟ್ಟುವವರನ್ನೂ ಪಡೆಯುವವರನ್ನೂ ಎಣಿಸಬೇಕು. 1980ರ ಜುಲೈನಲ್ಲಿ ಟ್ರಕ್ ಸಾಗಣೆಯ ಮೇಲಿನ ಸರ್ಕಾರಿ ನಿಯಂತ್ರಣ ಸಡಿಲವಾಯಿತು. ದರದ ಪೈಪೋಟಿಯಲ್ಲಿ ಯೂನಿಯನ್ ಇಲ್ಲದ ಹೊಸ ಕಂಪನಿಗಳು ನುಗ್ಗಿದವು, ನಿಧಿಗೆ ಕಟ್ಟುತ್ತಿದ್ದ ಹಳೆಯ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕಂಪನಿ ಹೋಯಿತು, ಅದರ ನಿವೃತ್ತರು ನಿಧಿಯಲ್ಲೇ ಉಳಿದರು. ಇಂಥವರನ್ನು ಇಲ್ಲಿ 'ಅನಾಥರು' ಎಂದೇ ಕರೆಯುತ್ತಾರೆ. ಒಬ್ಬ ನಿವೃತ್ತನ ಹಿಂದೆ ಹಲವರು ದುಡಿಯುತ್ತಿದ್ದ ಲೆಕ್ಕ ತಲೆಕೆಳಗಾಯಿತು. 2007ರಲ್ಲಿ ನಿಧಿಗೆ ಕಟ್ಟುವವರಲ್ಲಿ ಅತಿ ದೊಡ್ಡದಾದ ಪಾರ್ಸೆಲ್ ಕಂಪನಿ ಯುಪಿಎಸ್ 6.1 ಶತಕೋಟಿ ಡಾಲರ್ ಕಟ್ಟಿ ಹೊರಬಂತು. ಕಾನೂನಿನ ಪ್ರಕಾರ ಅದು ಸರಿಯಾದ ಪಾವತಿಯೇ. ಆದರೆ ಆ ಹಣ ಷೇರುಪೇಟೆ ಸೇರಿದ ಬೆನ್ನಿಗೇ 2008ರ ಕುಸಿತ ಬಂತು. ಕೊನೆಗೆ ಕಂತಾಗಿ ಒಳಬರುವ ಪ್ರತಿ 1 ಡಾಲರ್‌ಗೆ ಪಿಂಚಣಿಯಾಗಿ 3.46 ಡಾಲರ್ ಹೊರಹೋಗುವ ಸ್ಥಿತಿ. ಕಳ್ಳತನ ಒಂದೂ ಇಲ್ಲದಿದ್ದರೂ ಇಂಥ ತೊಟ್ಟಿ ಖಾಲಿಯಾಗುತ್ತದೆ.

ಕಲ್ಲಿದ್ದಲು ಗಣಿಯವರ 1974ರ ಪಿಂಚಣಿ ನಿಧಿಯ ಕತೆಯೂ ಇದೇ ದಾರಿಯದು. ಗಣಿ ಕಂಪನಿಗಳು ಸಾಲಾಗಿ ದಿವಾಳಿಯಾದವು. ಅದನ್ನು ಉಳಿಸಲು ಸಂಸತ್ತು 2019ರ ಡಿಸೆಂಬರ್‌ನಲ್ಲಿ ಬೇರೆಯೇ ಕಾನೂನು ಮಾಡಬೇಕಾಯಿತು.

ಕಂಪನಿ ಅರ್ಧಕ್ಕೆ ಬಿಟ್ಟು ಹೋದರೆ ಅದರ ಪಾಲಿನ ಸಾಲ ಯಾರ ತಲೆಗೆ?

ಎರಿಸಾಗೆ 1980ರಲ್ಲಿ ತಂದ ತಿದ್ದುಪಡಿ ಪ್ರಕಾರ ಹೊರಹೋಗುವ ಕಂಪನಿ ಕೊರತೆಯಲ್ಲಿ ತನ್ನ ಪಾಲನ್ನು ಕಟ್ಟಬೇಕು. ಇದಕ್ಕೆ ನಿರ್ಗಮನ ಬಾಕಿ ಎನ್ನಬಹುದು. ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಎಷ್ಟೇ ಬಾಕಿ ಇದ್ದರೂ ವರ್ಷದ ಕಂತುಗಳು ಸಾಮಾನ್ಯವಾಗಿ 20 ವರ್ಷಕ್ಕೆ ಮುಗಿಯುತ್ತವೆ. ಕಟ್ಟಡ ನಿರ್ಮಾಣದ ಮಾಲೀಕರಿಗೆ ವಿನಾಯಿತಿಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ, ದಿವಾಳಿಯಾದ ಕಂಪನಿಯ ಮುಂದೆ ಪಿಂಚಣಿ ನಿಧಿ ಕೂಡ ಸಾಲ ಕೊಟ್ಟ ಉಳಿದವರ ಜತೆ ಸಾಲಿನಲ್ಲಿ ನಿಲ್ಲಬೇಕು. 2023ರ ಜುಲೈ ಕೊನೆಯಲ್ಲಿ ಯೆಲ್ಲೊ ಎಂಬ ಹಳೆಯ ಟ್ರಕ್ ಕಂಪನಿ ನಿಂತುಹೋಗಿ ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಅವರಲ್ಲಿ 22,000 ಜನ ಟೀಮ್‌ಸ್ಟರ್ಸ್ ಸದಸ್ಯರು. ಪಿಂಚಣಿ ನಿಧಿಗಳು ನಿರ್ಗಮನ ಬಾಕಿಗಾಗಿ ಅಲ್ಲಿ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ತಪ್ಪಿಸಿಕೊಂಡವರ ಪಾಲು ಉಳಿದ ಮಾಲೀಕರ ತಲೆಗೆ ಬೀಳುತ್ತದೆ, ಅದನ್ನು ನೋಡಿ ಅವರೂ ಹೊರಡುವ ಯೋಚನೆ ಮಾಡುತ್ತಾರೆ.

## ಖೋತಾ ನಡೆದ ಬಗೆ

ಪಿಬಿಜಿಸಿ ವಿಮೆ ಇದೆಯಲ್ಲ, ಮತ್ತೆ ಯಾಕೆ ಹೆದರಬೇಕು?

ಪಿಬಿಜಿಸಿ ಎಂದರೆ ಪೆನ್ಷನ್ ಬೆನಿಫಿಟ್ ಗ್ಯಾರಂಟಿ ಕಾರ್ಪೊರೇಷನ್, ಎರಿಸಾ ಜತೆಗೇ ಹುಟ್ಟಿದ ಸರ್ಕಾರಿ ಸಂಸ್ಥೆ. ಅದರ ಗ್ಯಾರಂಟಿ ಎರಡು ತೂಕದ್ದು. ಒಂದೇ ಕಂಪನಿಯ ನಿಧಿ ಮುಳುಗಿದರೆ 65 ವಯಸ್ಸಿನವರಿಗೆ 2025ರ ಮಿತಿ ತಿಂಗಳಿಗೆ 7,431.82 ಡಾಲರ್. ಹೆಚ್ಚಿನವರಿಗೆ ಅಷ್ಟು ಸಾಕು. ಹಲವು ಮಾಲೀಕರ ನಿಧಿಗಾದರೆ ಲೆಕ್ಕವೇ ಬೇರೆ. ನಿಮ್ಮ ತಿಂಗಳ ಪಿಂಚಣಿಯನ್ನು ಸೇವೆಯ ವರ್ಷಗಳಿಂದ ಭಾಗಿಸಿ. ಬಂದ ಮೊತ್ತದಲ್ಲಿ ಮೊದಲ 11 ಡಾಲರ್ ಪೂರ್ತಿ, ನಂತರದ 33 ಡಾಲರ್‌ನಲ್ಲಿ 75 ಪ್ರತಿಶತ ಗ್ಯಾರಂಟಿ. ಅದರ ಮೇಲಿನದ್ದಕ್ಕೆ ಸೊನ್ನೆ.

ಕೈಯಲ್ಲಿ ಲೆಕ್ಕ ಹಾಕಿ ನೋಡಿದರೆ ಎದೆ ಧಸಕ್ ಎನ್ನುತ್ತದೆ. 30 ವರ್ಷ ದುಡಿದು ತಿಂಗಳಿಗೆ 3,000 ಡಾಲರ್ ಪಡೆಯುತ್ತಿರುವವರ ದರ ವರ್ಷಕ್ಕೆ 100 ಡಾಲರ್. ಗ್ಯಾರಂಟಿ ಸಿಗುವುದು 11ಕ್ಕೆ 24.75 ಕೂಡಿಸಿದ 35.75 ಮಾತ್ರ. ಅದನ್ನು 30ರಿಂದ ಗುಣಿಸಿದರೆ ತಿಂಗಳಿಗೆ 1,072.50, ವರ್ಷಕ್ಕೆ 12,870 ಡಾಲರ್. ಅಂದರೆ ಮೂರರಲ್ಲಿ ಎರಡು ಪಾಲಿಗೆ ಹತ್ತಿರ ಹತ್ತಿರ ಹೋಯಿತು. ಅದೇ 30 ವರ್ಷಕ್ಕೆ 600 ಡಾಲರ್ ಪಿಂಚಣಿ ಇದ್ದವರಿಗೆ 532.50 ಉಳಿಯುತ್ತದೆ. ಈ ಮಿತಿ 2000ದ ಡಿಸೆಂಬರ್‌ನಲ್ಲಿ ನಿಗದಿಯಾದದ್ದು, ಬೆಲೆ ಏರಿದಂತೆ ಏರುವುದಿಲ್ಲ.

ನ್ಯೂಯಾರ್ಕ್‌ನ ಟೀಮ್‌ಸ್ಟರ್ಸ್ ಲೋಕಲ್ 707 (ಯೂನಿಯನ್ನಿನ ಸ್ಥಳೀಯ ಘಟಕ) ನಿಧಿಯ ನಿವೃತ್ತರಿಗೆ ಇದು ಬರೀ ಲೆಕ್ಕವಾಗಿ ಉಳಿಯಲಿಲ್ಲ. 2017ರ ಫೆಬ್ರುವರಿಯಲ್ಲಿ ನಿಧಿ ಖಾಲಿಯಾಗಿ ಅವರ ಪಿಂಚಣಿ ಗ್ಯಾರಂಟಿಯ ಮಟ್ಟಕ್ಕೆ ಕುಸಿಯಿತು. ಅಷ್ಟು ಹೊತ್ತಿಗೆ ಹಲವು ಮಾಲೀಕರ ನಿಧಿಗಳಿಗೆ ವಿಮೆ ಕೊಡುವ ಪಿಬಿಜಿಸಿ ವಿಭಾಗವೂ ಕೆಲವೇ ವರ್ಷಗಳಲ್ಲಿ ಬರಿದಾಗುವ ಅಂದಾಜಿತ್ತು. ವಿಮೆ ಕೊಡುವವರೇ ದಿವಾಳಿಯ ಅಂಚಿನಲ್ಲಿದ್ದರು.

2014ರ ಕಾನೂನಿನಲ್ಲಿ ಯಾರದ್ದು ಎಷ್ಟು ಕತ್ತರಿಸಬಹುದಿತ್ತು?

ಪಿಬಿಜಿಸಿ ಗ್ಯಾರಂಟಿಯ 110 ಪ್ರತಿಶತದವರೆಗೆ. ಮೇಲಿನ ಉದಾಹರಣೆಯ 3,000 ಡಾಲರ್‌ನವರನ್ನು 1,179.75ರವರೆಗೆ ಇಳಿಸಬಹುದಿತ್ತು. 80 ದಾಟಿದವರಿಗೂ ಅಂಗವೈಕಲ್ಯದ ಪಿಂಚಣಿಯವರಿಗೂ ಕತ್ತರಿ ಇಲ್ಲ. 75ರಿಂದ 80ರ ನಡುವಿನವರಿಗೆ ವಯಸ್ಸಿಗೆ ತಕ್ಕಂತೆ ಕಡಿಮೆ ಕತ್ತರಿ. ಮೊದಲು ಒಪ್ಪಿಗೆ ಪಡೆದದ್ದು ಕ್ಲೀವ್‌ಲ್ಯಾಂಡ್‌ನ ಐರನ್ ವರ್ಕರ್ಸ್ ಲೋಕಲ್ 17 ನಿಧಿ. 2017ರ ಫೆಬ್ರುವರಿಯಿಂದ ಅಲ್ಲಿ ಖೋತಾ ಜಾರಿಯಾಯಿತು. ಅದೇ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಟೀಮ್‌ಸ್ಟರ್ಸ್ ನಿಧಿ ನಿವೃತ್ತರಿಗೆ 29, ಕೆಲಸದಲ್ಲಿರುವವರಿಗೆ 18 ಪ್ರತಿಶತ ಕಡಿತ ಮಾಡಿತು.

ಮತ ಹಾಕಿ ಬೇಡ ಅಂದಿದ್ದೆವು. ಆದರೂ ಪಾಸಾಯಿತಲ್ಲ, ಹೇಗೆ?

ನಿಯಮವೇ ಹಾಗಿತ್ತು. ಖೋತಾ ತಿರಸ್ಕೃತವಾಗಬೇಕಾದರೆ ಮತ ಹಾಕಿದವರಲ್ಲಿ ಬಹುಮತ ಸಾಲದು, ನಿಧಿಯ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 'ಬೇಡ' ಎನ್ನಬೇಕು. ವಾಪಸ್ ಬಾರದ ಪ್ರತಿ ಮತಪತ್ರವೂ ಒಪ್ಪಿಗೆ ಇದ್ದಂತೆ. ನ್ಯೂಯಾರ್ಕ್ ಟೀಮ್‌ಸ್ಟರ್ಸ್ ನಿಧಿಯಲ್ಲಿ ಚಲಾಯಿಸಿದ ಮತಗಳ ಪೈಕಿ 'ಬೇಡ' ಎಂದವೇ ಹೆಚ್ಚು, ಆದರೂ ಖೋತಾ ಜಾರಿಯಾಯಿತು. ವಿಳಾಸ ಬದಲಾದವರು, ಆಸ್ಪತ್ರೆಯಲ್ಲಿದ್ದವರು, ಲಕೋಟೆ ತೆರೆಯಲು ಧೈರ್ಯ ಸಾಲದವರು ಎಲ್ಲರೂ ತಮ್ಮದೇ ಪಿಂಚಣಿಯ ಕಡಿತಕ್ಕೆ ಒಪ್ಪಿದವರ ಪಟ್ಟಿಗೆ ಸೇರಿದರು. ನನಗೆ ಈ ನಿಯಮದಷ್ಟು ನೋವು ಕೊಟ್ಟದ್ದು ಇಡೀ ಕಾನೂನಿನಲ್ಲಿ ಬೇರೊಂದಿಲ್ಲ.

ಸೆಂಟ್ರಲ್ ಸ್ಟೇಟ್ಸ್‌ನ ದೊಡ್ಡ ಖೋತಾ ತಡೆದವರು ಯಾರು?

ನಿವೃತ್ತರೇ. 2015ರ ಸೆಪ್ಟೆಂಬರ್‌ನಲ್ಲಿ ಆ ನಿಧಿ ಖೋತಾಗೆ ಅರ್ಜಿ ಹಾಕಿದಾಗ ಅದರಲ್ಲಿ ಸುಮಾರು 4 ಲಕ್ಷ ಜನರಿದ್ದರು. ಒಹಾಯೊ, ಮಿಷಿಗನ್, ಮಿನೆಸೊಟಾ ಕಡೆಯ ಊರೂರುಗಳಲ್ಲಿ ಹಳೆಯ ಚಾಲಕರು ಸಮಿತಿ ಕಟ್ಟಿಕೊಂಡು ಸಭೆ ಸೇರಿದರು, ಬಸ್ಸು ಹಿಡಿದು ವಾಷಿಂಗ್ಟನ್‌ಗೆ ಹೋದರು. ಖಜಾನೆ ಇಲಾಖೆಯ ಪರವಾಗಿ ಅರ್ಜಿಯ ವಿಚಾರಣೆ ವಹಿಸಿಕೊಂಡಿದ್ದವರು ಕೆನೆತ್ ಫೈನ್‌ಬರ್ಗ್. 2016ರ ಮೇ 6ರಂದು ಅರ್ಜಿ ತಿರಸ್ಕೃತವಾಯಿತು. ಕಾರಣ ಮೂರು: ಹೂಡಿಕೆಯಿಂದ ಬರುವ ಲಾಭದ ಅಂದಾಜು ಸಮಂಜಸವಾಗಿಲ್ಲ, ಕಡಿತದ ಹಂಚಿಕೆ ಕಾನೂನಿಗೆ ತಕ್ಕಂತಿಲ್ಲ, ಮತ್ತು ಸದಸ್ಯರಿಗೆ ಕಳಿಸಿದ ನೋಟಿಸ್ ಸಾಮಾನ್ಯರಿಗೆ ಅರ್ಥವಾಗುವ ಹಾಗಿಲ್ಲ.

ಮೂರನೆಯ ಕಾರಣ ಓದಿದಾಗ ನಮ್ಮ ಬೀದಿಯವರು ಕೈಯಲ್ಲಿ ಹಿಡಿದು ತಂದಿದ್ದ ಲಕೋಟೆ ನನ್ನ ಕಣ್ಣ ಮುಂದೆ ಬಂತು.

ತಿರಸ್ಕಾರದಿಂದ ನಿಧಿಗೆ ಹಣವೇನೂ ಬರಲಿಲ್ಲ, ಹತ್ತು ವರ್ಷದೊಳಗೆ ಅದು ಖಾಲಿಯಾಗುವುದಿತ್ತು. ಒಹಾಯೊದ ನಿವೃತ್ತ ಟೀಮ್‌ಸ್ಟರ್ ಮುಖಂಡ ಬುಚ್ ಲೂಯಿಸ್ ಈ ಹೋರಾಟದ ನಡುವೆಯೇ, 2015ರ ಕೊನೆಯ ದಿನ, ತೀರಿಕೊಂಡರು. ಅವರ ಪತ್ನಿ ರೀಟಾ ಲೂಯಿಸ್ ಹೋರಾಟ ಮುಂದುವರಿಸಿದರು. ಸೆನೆಟರ್ ಶೆರಾಡ್ ಬ್ರೌನ್ ಮಂಡಿಸಿದ ಮಸೂದೆಗೆ ಬುಚ್ ಲೂಯಿಸ್ ಹೆಸರನ್ನೇ ಇಟ್ಟರು. ಅದರ ಆಶಯ ಬೇರೆ ರೂಪದಲ್ಲಿ 2021ರಲ್ಲಿ ಕಾನೂನಾಯಿತು.

## 2021ರ ನಂತರ

ಸರ್ಕಾರ ಕೊಟ್ಟದ್ದು ಸಾಲವಾ, ದಾನವಾ? ನನ್ನ ತೆರಿಗೆ ಹಣ ಯಾಕೆ ಹೋಗಬೇಕು?

ಮರುಪಾವತಿ ಇಲ್ಲದ ನೆರವು. 2021ರ ಮಾರ್ಚ್ 11ರ ಅಮೆರಿಕನ್ ರೆಸ್ಕ್ಯೂ ಪ್ಲಾನ್ ಕಾನೂನಿನಲ್ಲಿ ವಿಶೇಷ ಹಣಕಾಸು ನೆರವು ಎಂಬ ಭಾಗವಿದೆ. ಮುಳುಗುತ್ತಿರುವ ಹಲವು ಮಾಲೀಕರ ನಿಧಿಗಳು 2051ರವರೆಗೆ ಪಿಂಚಣಿ ಕೊಡಲು ಬೇಕಾಗುವಷ್ಟು ಹಣ ಖಜಾನೆಯಿಂದ ಪಿಬಿಜಿಸಿ ಮೂಲಕ ಬರುತ್ತದೆ. ಸೆಂಟ್ರಲ್ ಸ್ಟೇಟ್ಸ್ ಒಂದಕ್ಕೇ 2022ರ ಡಿಸೆಂಬರ್‌ನಲ್ಲಿ ಸುಮಾರು 36 ಶತಕೋಟಿ ಡಾಲರ್ ಪ್ರಕಟವಾಯಿತು. ಮೂರೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಸುಮಾರು 60 ಪ್ರತಿಶತ ಖೋತಾ ತಪ್ಪಿತು.

ತೆರಿಗೆದಾರರ ಪ್ರಶ್ನೆ ನ್ಯಾಯವಾದದ್ದೇ. ಯೂನಿಯನ್ ಇಲ್ಲದ, ಪಿಂಚಣಿಯೇ ಇಲ್ಲದ ಕೆಲಸಗಾರ ಇದನ್ನು ಕೇಳಿದರೆ ಅವನ ಮೇಲೆ ಸಿಡುಕುವುದು ಸರಿಯಲ್ಲ. ನನ್ನ ಉತ್ತರ ಇಷ್ಟು: ನಿಯಂತ್ರಣ ಸಡಿಲಿಸಿ ಮಾಲೀಕರನ್ನು ಪೈಪೋಟಿಗೆ ದೂಡಿದ್ದು ಸರ್ಕಾರ. ಇದಕ್ಕೆ ವಿಮೆ ಇದೆ ಎಂದು ಮಾತು ಕೊಟ್ಟು, ಆ ವಿಮೆಯನ್ನು ಬಡಕಲಾಗಿ ಇಟ್ಟದ್ದೂ ಸರ್ಕಾರ. ಕಂತು ತಪ್ಪದೆ ದುಡಿದವರು ಇಡೀ ಸರಪಳಿಯಲ್ಲಿ ಕಾರ್ಮಿಕರೊಬ್ಬರೇ.

ಲೆಕ್ಕದಲ್ಲಿ ತಪ್ಪೂ ಆಯಿತು. ಸೆಂಟ್ರಲ್ ಸ್ಟೇಟ್ಸ್‌ಗೆ ಹಣ ಎಣಿಸುವಾಗ ತೀರಿಕೊಂಡ 3,479 ಜನರ ಹೆಸರೂ ಸೇರಿದ್ದು ಪಿಬಿಜಿಸಿಯ ತನಿಖಾಧಿಕಾರಿಯ ಕಣ್ಣಿಗೆ ಬಿತ್ತು. 2024ರಲ್ಲಿ ನಿಧಿ 127 ದಶಲಕ್ಷ ಡಾಲರ್ ವಾಪಸ್ ಕಟ್ಟಿತು.

ಆಗಲೇ ಕತ್ತರಿಸಿದ್ದ ಪಿಂಚಣಿ ವಾಪಸ್ ಬಂತಾ?

ನೆರವು ಪಡೆದ ನಿಧಿಗಳಲ್ಲಿ ಬಂತು. ಹಳೆಯ ಮೊತ್ತಕ್ಕೆ ಮರಳಿಸುವುದಷ್ಟೇ ಅಲ್ಲ, ಕತ್ತರಿಸಿದ್ದ ತಿಂಗಳುಗಳ ಬಾಕಿಯನ್ನೂ ಒಂದೇ ಗಂಟಾಗಿ ಅಥವಾ 60 ತಿಂಗಳ ಕಂತುಗಳಲ್ಲಿ ಕೊಡಬೇಕು ಎಂದು ಕಾನೂನು ಹೇಳುತ್ತದೆ. ಬಡ್ಡಿ ಇಲ್ಲ. ನಡುವಿನ ವರ್ಷಗಳಲ್ಲಿ ಮನೆ ಮಾರಿದವರಿಗೆ, ಔಷಧಿ ಬಿಟ್ಟವರಿಗೆ ಅದರ ಲೆಕ್ಕ ಯಾವ ಕಂತಿನಲ್ಲೂ ಬರುವುದಿಲ್ಲ.

ಹಾಗಾದರೆ ಇನ್ನು ನಿಶ್ಚಿಂತೆಯಾ?

ಈಗ ಎಪ್ಪತ್ತರ ಆಸುಪಾಸಿನಲ್ಲಿರುವವರು ಬಹುಮಟ್ಟಿಗೆ ನಿಶ್ಚಿಂತರಾಗಿರಬಹುದು. ಮೂವತ್ತೈದರವರಿಗೆ ಆ ಮಾತು ಹೇಳಲಾರೆ. 2051ಕ್ಕೆ ಅವರು ಆಗಷ್ಟೇ ನಿವೃತ್ತಿಯ ಹೊಸ್ತಿಲಲ್ಲಿರುತ್ತಾರೆ. ನೆರವಿನ ಹಣದಲ್ಲಿ ಕನಿಷ್ಠ 67 ಪ್ರತಿಶತ ಒಳ್ಳೆಯ ದರ್ಜೆಯ ಬಾಂಡ್‌ಗಳಲ್ಲೇ ಇರಬೇಕು. ಆದರೆ ಕಟ್ಟುವ ಕಂಪನಿಗಳೇ ಕಡಿಮೆಯಾಗುತ್ತ ಹೋದರೆ ಬಾಂಡ್ ಏನು ಮಾಡೀತು? ಮೊದಲ ಅರ್ಜಿಗೆ ಕೊನೆಯ ದಿನ 2025ರ ಡಿಸೆಂಬರ್ 31 ಆಗಿತ್ತು. ಇನ್ನು ಮುಂದೆ ಹೊಸದಾಗಿ ಹಳ್ಳ ಹಿಡಿಯುವ ನಿಧಿಗೆ ಈ ಬಾಗಿಲು ಇಲ್ಲ. ಒಂದೇ ಕಂಪನಿಯ ನಿಧಿಗಳಿಗೂ ನಗರ, ರಾಜ್ಯ ಸರ್ಕಾರಗಳ ನಿಧಿಗಳಿಗೂ ಇದು ಮೊದಲಿನಿಂದಲೂ ಇರಲಿಲ್ಲ.

## ಮನೆ, ಕೆಲಸ, ಕಾಗದಪತ್ರ

ನಾನಿನ್ನೂ ಕೆಲಸದಲ್ಲಿದ್ದೇನೆ. ನನ್ನದನ್ನು ಕತ್ತರಿಸಬಹುದಾ?

2014ರ ಕಾನೂನು ತೆರೆದ ಕಂಡಿಯೊಂದನ್ನು ಬಿಟ್ಟರೆ, ಈವರೆಗೆ ಗಳಿಸಿದ್ದಕ್ಕೆ ಎರಿಸಾ ರಕ್ಷಣೆ ಇದೆ. ನಾಳೆಯಿಂದ ಗಳಿಸುವ ದರವನ್ನು ಇಳಿಸಬಹುದು, ಪೂರ್ತಿ ನಿಲ್ಲಿಸಲೂಬಹುದು. 2006ರ ಕಾನೂನು ನಿಧಿಗಳಿಗೆ ಅವುಗಳ ಸ್ಥಿತಿಗೆ ತಕ್ಕಂತೆ ಬಣ್ಣ ಹಚ್ಚಿತು. ಸ್ಥಿತಿ ಹದಗೆಟ್ಟು ಕೆಂಪು ವಲಯಕ್ಕೆ ಬಿದ್ದ ನಿಧಿ, ಇನ್ನೂ ನಿವೃತ್ತರಾಗದವರ ಬೇಗನೆಯ ನಿವೃತ್ತಿಯ ಹೆಚ್ಚುವರಿ ಸೌಲಭ್ಯಗಳನ್ನು ತೆಗೆದುಹಾಕಬಹುದು. 55ಕ್ಕೆ ಪೂರ್ತಿ ಪಿಂಚಣಿ ಪಡೆದು ಹೊರಡೋಣ ಎಂದುಕೊಂಡಿದ್ದ ಗಾರೆಯವರಿಗೆ, ಬೆನ್ನು ಸೋತವರಿಗೆ ಇದೇ ದೊಡ್ಡ ಪೆಟ್ಟು.

ನಿಂತುಹೋದ ಪಿಂಚಣಿಯನ್ನು ಮತ್ತೆ ತರುವುದು ಎಷ್ಟು ಕಷ್ಟ ಎಂಬುದಕ್ಕೆ ಬೋಯಿಂಗ್ ಸಾಕ್ಷಿ. 2014ರಲ್ಲಿ ಅಲ್ಲಿನ ಯಂತ್ರ ಕಾರ್ಮಿಕರು ಕೂದಲೆಳೆ ಅಂತರದ ಮತದಲ್ಲಿ ಪಿಂಚಣಿಯ ಬೆಳವಣಿಗೆ ನಿಲ್ಲಿಸಲು ಒಪ್ಪಿದರು. 2024ರಲ್ಲಿ ಸುಮಾರು 33,000 ಜನ ಏಳು ವಾರಕ್ಕೂ ಹೆಚ್ಚು ಮುಷ್ಕರ ಹೂಡಿ ನಾಲ್ಕು ವರ್ಷಕ್ಕೆ 38 ಪ್ರತಿಶತ ಸಂಬಳ ಏರಿಕೆ ಗೆದ್ದರು. ಪಿಂಚಣಿ ಮಾತ್ರ ಮರಳಲಿಲ್ಲ.

"ಇವರು ಹೋದ ಮೇಲೆ ನನಗೆ ಅರ್ಧ ಅಂತಾರೆ. ಯಾವುದರ ಅರ್ಧ?"

ಇದನ್ನು ಕೇಳಿದ್ದು ನಮ್ಮ ಬೀದಿಯವರ ಹೆಂಡತಿ. ಅಡುಗೆಮನೆಯ ಮೇಜಿನ ಮೇಲೆ ಅದೇ ಲಕೋಟೆ ಇತ್ತು. ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಅಲ್ಲಿಯವರೆಗೆ ಯಾವ ವಕೀಲರ ಬಾಯಲ್ಲೂ ಕೇಳಿರಲಿಲ್ಲ.

ಮದುವೆಯಾದವರ ಪಿಂಚಣಿಯಲ್ಲಿ ಸಂಗಾತಿಗೆ ಕನಿಷ್ಠ 50 ಪ್ರತಿಶತ ಮುಂದುವರಿಯಬೇಕು ಎಂಬುದು ನಿಯಮ. ಬೇಡವೆನ್ನಲು ಸಂಗಾತಿಯ ಲಿಖಿತ ಒಪ್ಪಿಗೆ ನೋಟರಿಯ ಅಥವಾ ನಿಧಿಯ ಪ್ರತಿನಿಧಿಯ ಎದುರಿನಲ್ಲಿ ಆಗಬೇಕು. 1984ರ ಕಾನೂನು ಇದನ್ನು ಬಿಗಿ ಮಾಡಿತು. ಆದರೆ ಖೋತಾ ಜಾರಿಯಾದರೆ ಆ ಅರ್ಧವೂ ಕತ್ತರಿಸಿ ಉಳಿದ ಮೊತ್ತದ ಅರ್ಧ. 3,000ದಲ್ಲಿ 1,500 ಸಿಗುತ್ತದೆಂದು ನಂಬಿದ್ದವರಿಗೆ, ಪಿಂಚಣಿ 1,600ಕ್ಕೆ ಇಳಿದರೆ 800. ಜತೆಗೆ ಇಬ್ಬರ ಸೋಷಿಯಲ್ ಸೆಕ್ಯೂರಿಟಿಯಲ್ಲಿ ದೊಡ್ಡದೊಂದೇ ಉಳಿಯುತ್ತದೆ. ಅವರಿಗೆ ನಾನು ಇದನ್ನೇ ಹೇಳಿದೆ. ಲಕೋಟೆಯ ಹಿಂಭಾಗದಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡರು.

ನಮ್ಮದು ನಗರಸಭೆ ಕೆಲಸ. ಸರ್ಕಾರವೇ ಮಾಲೀಕ, ಇನ್ನೇನು ಭಯ?

ಪಿಬಿಜಿಸಿ ವಿಮೆ ನಿಮಗಿಲ್ಲ, ಎರಿಸಾ ಕೂಡ ಅನ್ವಯಿಸುವುದಿಲ್ಲ. ನಿಮ್ಮ ರಕ್ಷಣೆ ಇರುವುದು ನಿಮ್ಮ ರಾಜ್ಯದ ಕಾನೂನಿನಲ್ಲಿ. ಇಲಿನಾಯ್‌ನಲ್ಲಿ ಪಿಂಚಣಿ ಕಡಿಮೆ ಮಾಡುವಂತಿಲ್ಲ ಎಂದು ರಾಜ್ಯದ ಸಂವಿಧಾನದಲ್ಲೇ ಇದೆ. ಅದರ ಬಲದಿಂದ 2015ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಖೋತಾ ಕಾನೂನನ್ನು ರದ್ದು ಮಾಡಿತು. ಮಿಷಿಗನ್ ಸಂವಿಧಾನದಲ್ಲೂ ರಕ್ಷಣೆ ಇದೆ. ಆದರೆ ಡೆಟ್ರಾಯಿಟ್ ನಗರ 2013ರ ಜುಲೈನಲ್ಲಿ ಕೇಂದ್ರದ ದಿವಾಳಿ ನ್ಯಾಯಾಲಯಕ್ಕೆ ಹೋದಾಗ ಅದು ನಿಲ್ಲಲಿಲ್ಲ. ದತ್ತಿ ಸಂಸ್ಥೆಗಳು, ರಾಜ್ಯ ಸರ್ಕಾರ ಮತ್ತು ಕಲಾ ಸಂಗ್ರಹಾಲಯ ಸೇರಿ 816 ದಶಲಕ್ಷ ಡಾಲರ್ ಒದಗಿಸಿದ್ದರಿಂದ ಸಾಮಾನ್ಯ ನೌಕರರ ಮೂಲ ಪಿಂಚಣಿಯ ಕಡಿತ 4.5 ಪ್ರತಿಶತಕ್ಕೆ ನಿಂತಿತು. ಬೆಲೆ ಏರಿಕೆಗೆ ತಕ್ಕ ವಾರ್ಷಿಕ ಹೆಚ್ಚಳ ಮಾತ್ರ ಅವರಿಗೆ ಪೂರ್ತಿ ಹೋಯಿತು. ವರ್ಷ ಕಳೆದಂತೆ ಹೆಚ್ಚು ಸುಡುವುದು ಅದೇ.

ನಮ್ಮ ಪಿಂಚಣಿಯನ್ನು ಕಂಪನಿ ವಿಮಾ ಕಂಪನಿಗೆ ದಾಟಿಸಿದೆಯಂತೆ. ಇದೂ ಖೋತಾನಾ?

ಮೊತ್ತ ಬದಲಾಗುವುದಿಲ್ಲ, ಬೆನ್ನಿಗೆ ನಿಂತವರು ಬದಲಾಗುತ್ತಾರೆ. 2012ರಲ್ಲಿ ಜನರಲ್ ಮೋಟರ್ಸ್ ಹೀಗೆ ತನ್ನ ಸಂಬಳದಾರ ನಿವೃತ್ತರ ಪಿಂಚಣಿಯನ್ನು ಪ್ರುಡೆನ್ಷಿಯಲ್‌ಗೆ ವಹಿಸಿತು. ಆಮೇಲೆ ಎಷ್ಟೋ ಕಂಪನಿಗಳು ಅದೇ ದಾರಿ ಹಿಡಿದವು. ದಾಟಿದ ದಿನದಿಂದ ಪಿಬಿಜಿಸಿ ರಕ್ಷಣೆ ಮುಗಿಯುತ್ತದೆ. ಅದರ ಬದಲಿಗೆ ರಾಜ್ಯಗಳ ವಿಮಾ ಖಾತರಿ ಸಂಘಗಳಿವೆ, ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ವಿಮಾ ಕಂಪನಿಯ ಹೆಸರು, ನಿಮ್ಮ ಪ್ರಮಾಣಪತ್ರದ ಸಂಖ್ಯೆ, ನಿಮ್ಮ ರಾಜ್ಯದ ಮಿತಿ ಈ ಮೂರನ್ನೂ ಬರೆದಿಟ್ಟುಕೊಳ್ಳಿ.

ಕಾಗದ ಬಂದಿದೆ. ಇವತ್ತೇ ಮಾಡಬೇಕಾದ್ದು ಏನು?

ಲಕೋಟೆಯ ಮೇಲಿನ ಅಂಚೆ ಮುದ್ರೆ ಸಮೇತ ಎತ್ತಿಡಿ. ಅದು ಪ್ರತಿವರ್ಷ ಬರುವ ನಿಧಿಯ ಸ್ಥಿತಿಗತಿಯ ನೋಟಿಸಾ, ಮುಂದಿನ ಗಳಿಕೆ ಇಳಿಸುವ ನೋಟಿಸಾ, ನಿಮ್ಮ ಅರ್ಜಿ ತಿರಸ್ಕರಿಸಿದ ಪತ್ರವಾ ಎಂದು ನೋಡಿ. ತಿರಸ್ಕಾರವಾದರೆ ಮೇಲ್ಮನವಿಗೆ ಕನಿಷ್ಠ 60 ದಿನ ಕೊಡಬೇಕು ಎಂಬ ನಿಯಮವಿದೆ. ಆ ದಿನ ಕಳೆದರೆ ಕೋರ್ಟಿನ ಬಾಗಿಲೂ ಕಷ್ಟ. ವಾರ್ಷಿಕ ನೋಟಿಸಿನಲ್ಲಿ ಎರಡು ಕಡೆ ಬೆರಳಿಟ್ಟು ಓದಿ: ಕೊಡಬೇಕಾದ ಪಿಂಚಣಿಗೆ ಹೋಲಿಸಿದರೆ ನಿಧಿಯಲ್ಲಿರುವ ಹಣ ಶೇಕಡಾ ಎಷ್ಟು, ಕೆಲಸದಲ್ಲಿರುವವರು ಎಷ್ಟು ಜನ ಮತ್ತು ಪಿಂಚಣಿ ಪಡೆಯುವವರು ಎಷ್ಟು ಜನ. ಅರ್ಥವಾಗದಿದ್ದರೆ ಕಾರ್ಮಿಕ ಇಲಾಖೆಯ ನೌಕರರ ಸೌಲಭ್ಯ ಭದ್ರತಾ ವಿಭಾಗದ ಸಲಹೆಗಾರರು ದುಡ್ಡಿಲ್ಲದೆ ನೆರವಾಗುತ್ತಾರೆ. ವಿಳಾಸ ಬದಲಾದರೆ ನಿಧಿಗೆ ಬರವಣಿಗೆಯಲ್ಲಿ ತಿಳಿಸಿ, ವಾಪಸ್ ಬಾರದ ಮತಪತ್ರಕ್ಕೆ ಏನಾಯಿತೆಂದು ಮೇಲೆ ಓದಿದ್ದೀರಿ.

ಕೊನೆಯದಾಗಿ, ನಿಮ್ಮ ಸೇವೆಯ ವರ್ಷಗಳ ಪಟ್ಟಿಯನ್ನು ನಿಧಿಯಿಂದ ಬರವಣಿಗೆಯಲ್ಲಿ ತರಿಸಿಕೊಂಡು ನಿಮ್ಮ ನೆನಪಿನ ಜತೆ ತಾಳೆ ನೋಡಿ. ಪಿಂಚಣಿಯಾಗಲಿ ಗ್ಯಾರಂಟಿಯಾಗಲಿ ಗುಣಿಸುವುದು ಆ ಸಂಖ್ಯೆಯಿಂದಲೇ. ನಮ್ಮ ಬೀದಿಯವರ ಪಟ್ಟಿಯಲ್ಲಿ ಎರಡು ವರ್ಷ ಕಾಣೆಯಾಗಿತ್ತು, ಆಗ ಅವರು ದುಡಿದ ಕಂಪನಿ ಎಂದೋ ಮುಚ್ಚಿಹೋಗಿತ್ತು. ಅವರ ಹೆಂಡತಿ ಅಟ್ಟದಿಂದ ಬೂಟಿನ ಡಬ್ಬಿಯೊಂದನ್ನು ಇಳಿಸಿದರು. ಒಳಗೆ ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಂಡಿದ್ದ ಸಂಬಳದ ಚೀಟಿಗಳ ಕಟ್ಟು. ಒಂದೊಂದನ್ನೇ ಬಿಡಿಸಿ ನಕಲು ಮಾಡಿಸಿ ಕಳಿಸಿದೆವು. ನಾಲ್ಕು ತಿಂಗಳ ನಂತರ ಆ ಎರಡು ವರ್ಷ ಪಟ್ಟಿಗೆ ಸೇರಿತು.